ಗೋಡೆಯ ಖಾಲಿ ಹೊಟ್ಟೆಯಲ್ಲಿ ನನ್ನ ಕೈ

ಕೊರೊನಾ ಬಂದು ಹೋದ ಮರುವರ್ಷ ನಾನು ಹುಮನಾಬಾದಿನ ಒಂದು ಕಟ್ಟಡದ ಕೆಲಸದಲ್ಲಿ ಹನ್ನೊಂದು ಮಂದಿ ಹೆಣ್ಣಾಳುಗಳ ಮುಕಾದಮ ಆಗಿದ್ದೆ. ಮುಕಾದಮ ಎಂದರೆ ಆಳು ಕೂಡಿಸಿ ತರುವವಳು, ಕೆಲಸ ಹಂಚುವವಳು, ಕೆಲಸ ಕೆಟ್ಟರೆ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವವಳು. ನಮ್ಮ ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಆರೂವರೆಗೆ ಟಂಟಂ ಆಟೋ ಹತ್ತಿದರೆ ಎಂಟರೊಳಗೆ ಕೆಲಸದ ಜಾಗ. ಶಾಲೆಯನ್ನು ಮೂರನೇ ಇಯತ್ತೆಗೇ ಬಿಟ್ಟವಳು ನಾನು. ಆದರೆ ಮೂವತ್ತು ವರ್ಷ ಗೋಡೆಗಳ ಬುಡದಲ್ಲಿ ಕಳೆದಿದ್ದೆ. ಯಾವ ಗೋಡೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಬೇಕಿಲ್ಲ ಎಂದು ತಿಳಿದಿದ್ದೆ.

ಕೆಲಸ ಒಂದು ಗೋದಾಮಿನದು. ತೊಗರಿ, ಸೋಯಾ ಬಿತ್ತನೆ ಬೀಜ ಇಡುವ ಗೋದಾಮು. ಬಿತ್ತನೆ ಬೀಜಕ್ಕೆ ಬಿಸಿಲಿನ ಕಾವು ತಾಗಬಾರದು, ತೇವವೂ ತಾಗಬಾರದು. ಎರಡರಲ್ಲಿ ಒಂದು ತಾಗಿದರೂ ಮೊಳಕೆ ಬರುವುದಿಲ್ಲ. ನಮ್ಮ ಕಡೆ ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲೂ ಬಡಿಯುತ್ತದೆ, ಮಳೆಯೂ ಬಡಿಯುತ್ತದೆ. ಅದಕ್ಕೆ ಆ ಒಂದು ಗೋಡೆಯನ್ನು ಕ್ಯಾವಿಟಿ ವಾಲ್ ಮಾಡಬೇಕೆಂದು ಇಂಜಿನಿಯರ್ ಮೇಡಂ ನಕ್ಷೆ ತಂದರು. ಮೇಡಂ ಮೈಸೂರು ಕಡೆಯವರು, ಮೂವತ್ತರ ಒಳಗಿನ ಹೆಣ್ಣುಮಗಳು. ಅವರ ಕನ್ನಡ ನಮಗೆ ರೇಡಿಯೋ ಕೇಳಿದ ಹಾಗಿತ್ತು.

ಕ್ಯಾವಿಟಿ ವಾಲ್ ಎಂದರೆ ಒಂದು ಗೋಡೆಯಲ್ಲ, ಜೋಡಿ ಗೋಡೆ. ಒಳಗಿನದು ಒಂಬತ್ತು ಇಂಚು ದಪ್ಪ, ಹೊರಗಿನದು ನಾಲ್ಕೂವರೆ ಇಂಚು. ನಡುವೆ ಮೂರು ಇಂಚು ಸಂದು, ಬರೀ ಗಾಳಿ. ಎರಡೂ ಗೋಡೆ ಒಂದನ್ನೊಂದು ಬಿಟ್ಟು ಹೋಗದಂತೆ ಅಲ್ಲಲ್ಲಿ ಕಬ್ಬಿಣದ ಕೊಂಡಿ ಇಡುತ್ತಾರೆ. ಮಳೆ ನೀರು ಹೊರಗಿನ ಗೋಡೆ ದಾಟಿದರೂ ಸಂದಿನಲ್ಲಿ ಇಳಿದು ಬುಡದ ತೂತಿನಿಂದ ಹೊರಗೆ ಹೋಗಬೇಕು. ಒಳಗಿನ ಗೋಡೆಯನ್ನು ಅದು ಮುಟ್ಟಬಾರದು. ಸಂದಿನಲ್ಲಿ ಒಂದು ಹಿಡಿ ಕಸ ಬಿದ್ದರೂ ನೀರು ಅದರ ಮೇಲೆ ದಾಟಿ ಒಳಗೆ ಬರುತ್ತದೆ ಎಂದು ಮೇಡಂ ಹತ್ತು ಸಲ ಹೇಳಿದರು.

ನಾವು ಹತ್ತೂ ಸಲ ತಲೆಯಾಡಿಸಿದೆವು, ಒಂದು ಸಲವೂ ನಂಬಲಿಲ್ಲ.

ಯಾಕೆಂದರೆ ನಮ್ಮ ಕಡೆಯ ಹಳೆಯ ಗೋಡೆಗಳೆಲ್ಲ ಎರಡು ಮುಖದವು. ಹೊರಗೆ ಒಂದು ಸಾಲು ಕಲ್ಲು, ಒಳಗೆ ಒಂದು ಸಾಲು ಕಲ್ಲು, ನಡುವೆ ಹೊಟ್ಟೆ. ಆ ಹೊಟ್ಟೆಗೆ ಚೂರು ಕಲ್ಲು, ಮಣ್ಣು ಹಾಕಿ ತುಳಿದು ಗಟ್ಟಿ ಮಾಡುವುದಕ್ಕೆ ಭರ್ತಿ ಎನ್ನುತ್ತೇವೆ. ಭರ್ತಿ ಬಿಗಿಯಾಗಿದ್ದರೆ ಗೋಡೆ ಗಟ್ಟಿ. ಭರ್ತಿ ಕದ್ದ ಮಿಸ್ತ್ರಿಯನ್ನು ಊರು ಮತ್ತೆ ಕರೆಯುವುದಿಲ್ಲ. ನಮ್ಮ ದೊಡ್ಡ ಮಿಸ್ತ್ರಿ ಮಹಬೂಬ್ ಬಸವಕಲ್ಯಾಣದವನು, ನನ್ನದೇ ವಯಸ್ಸು. ಅವನ ಅಪ್ಪ, ಅಜ್ಜ ಎಲ್ಲ ಅಂಥ ಗೋಡೆ ಕಟ್ಟಿದವರೇ. ಅವನು ಆ ಖಾಲಿ ಸಂದಿನೊಳಗೆ ಬಗ್ಗಿ ನೋಡಿದಾಗಲೆಲ್ಲ ಮುಖ ಕಿವುಚುತ್ತಿದ್ದ.

ನನ್ನ ಹೆಣ್ಣಾಳುಗಳಿಗೆ ಆ ಸಂದು ಬೇರೆ ರೀತಿಯ ಪೀಡೆ. ಇಟ್ಟಂಗಿ ಕೂಡಿಸುವಾಗ ಮಾಲು, ಅಂದರೆ ಕಲಸಿದ ಸಿಮೆಂಟು, ಸಂದಿಗೆ ಉದುರಿಯೇ ಉದುರುತ್ತದೆ. ಅದನ್ನು ಹಿಡಿಯಲು ಸಂದಿನಲ್ಲಿ ಒಂದು ಉದ್ದನೆಯ ಕಟ್ಟಿಗೆಯ ಪಟ್ಟಿ ಇಟ್ಟು, ಗೋಡೆ ಏರಿದಂತೆ ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಅದನ್ನೂ ತಪ್ಪಿಸಿ ಬಿದ್ದದ್ದನ್ನು ತೆಗೆಯಲು ಹೊರಗಿನ ಗೋಡೆಯ ಬುಡದಲ್ಲಿ ಐದೈದು ಅಡಿಗೆ ಒಂದು ಇಟ್ಟಂಗಿ ಬಿಟ್ಟು ಕಿಂಡಿ ಇಟ್ಟಿದ್ದರು. ದಿನಾ ನೆಲಕ್ಕೆ ಮಲಗಿ, ಕಿಂಡಿಯೊಳಗೆ ಕೈ ಹಾಕಿ, ಸಂದಿನ ಉದ್ದಕ್ಕೂ ತಿರುಗಿಸಿ ಬಳಿಯಬೇಕು. ಗಂಡಸರ ಕೈ ಹಿಡಿಸುವುದಿಲ್ಲ. ಹಾಗಾಗಿ ಅದು ನಮ್ಮ ಪಾಲಿಗೆ ಬಂತು. ಸಂಜೆ ಮೇಡಂ ಕಿಂಡಿಯಲ್ಲಿ ಒಂದು ಸಣ್ಣ ಕನ್ನಡಿ ಹಿಡಿದು, ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಿದ್ದರು. ಒಂದು ಚೂರು ಕಂಡರೂ ಮತ್ತೆ ಮಲಗು.

ಕೈ ಹಾಕುವ ಮೊದಲು ಮೇಲಿನವರಿಗೆ ಕೂಗಿ ಹೇಳಬೇಕು, ಒಬ್ಬಾಕೆ ಮೇಲೆ ನಿಂತು ಕಾಯಬೇಕು. ಈ ನಿಯಮ ಮಾಡಿದವಳು ನಾನೇ. ಮುರಿದವಳೂ ನಾನೇ.

ಎಂಟು ದಿನಕ್ಕೆ ನನಗೆ ಸಾಕಾಯಿತು. ಗೋಡೆಯ ಉತ್ತರದ ಮೂಲೆ ಇಕ್ಕಟ್ಟು, ಅಲ್ಲಿಗೆ ಕೈ ಹೋಗುವುದೇ ಕಷ್ಟ. ಮೇಡಂ ಬೇರೆ ಕಡೆ ಇದ್ದ ಹೊತ್ತು ನೋಡಿ ಮಿಸ್ತ್ರಿಗೆ ಹೇಳಿದೆ.

“ಮಿಸ್ತ್ರಿ, ಮೂಲಿ ತುಂಬಿಬಿಡ್ರಿ. ಮೇಡಂನ ಕನ್ನಡಿ ಅಲ್ಲೀತನಕ ಮುಟ್ಟಂಗಿಲ್ಲ.”

ಅವನಿಗೆ ಅದೇ ಬೇಕಾಗಿತ್ತು. “ಖಾಲಿ ಹೊಟ್ಟಿ ಗೋಡಿ ಕಟ್ಟೀನಿ ಅಂದ್ರ ನಮ್ಮಪ್ಪ ಕಬರ್‌ದಾಗ ಎದ್ದು ಕೂಡ್ತಾನ ನೋಡ್ರಿ ಬಾಯಿ,” ಎಂದ. ಬಾಯಿ ಎಂದರೆ ಅಮ್ಮ ಎಂದ ಹಾಗೆ, ಅವನು ನನ್ನನ್ನು ಕರೆಯುವುದೇ ಹಾಗೆ. ಇಟ್ಟಂಗಿ ಚೂರು, ಉಳಿದ ಮಾಲು ಸೇರಿಸಿ ಮೂಲೆಯಲ್ಲಿ ನಾಲ್ಕು ಅಡಿ ಉದ್ದಕ್ಕೆ ಸಂದು ತುಂಬಿದ. ಮರುದಿನ ಬೆಳಿಗ್ಗೆ ನಾನು ಮತ್ತೂ ಮುಂದೆ ಹೋಗಿ, ಹೊತ್ತು ಸಿಕ್ಕಾಗ ಮುಂದಿನದನ್ನೂ ಹಾಗೇ ಮಾಡಿಬಿಡಿ ಅಂದೆ. ಹೇಳಿ ಮರೆತೆ.

ಅವತ್ತು ಮೇಡಂ ಬಸವಕಲ್ಯಾಣದ ಇನ್ನೊಂದು ಕೆಲಸ ನೋಡಲು ಹೋಗಿದ್ದರು. ಗೋಡೆ ಏಳು ಅಡಿಗೆ ಬಂದಿತ್ತು. ಊಟ ಮುಗಿದು ಒಂದು ಗಂಟೆಯ ಹೊತ್ತು. ಆಳುಗಳು ನೆರಳಿನಲ್ಲಿ ಅಡ್ಡಾಗಿದ್ದರು. ನನ್ನ ಸೊಸೆ ಸುವರ್ಣಾ, ಅವಳೂ ನಮ್ಮ ಗುಂಪಿನಲ್ಲೇ ಕೆಲಸ ಮಾಡುವವಳು, ನೀರು ತರಲು ಹೋಗಿದ್ದಳು. ಮೂಲೆಯ ಪಕ್ಕದ ಕಿಂಡಿಯಲ್ಲಿ ಮಾಲು ಬಿದ್ದದ್ದು ಕಂಡಿತು. ಮೇಡಂ ಬಂದು ಕನ್ನಡಿ ಹಿಡಿಯುವ ಮೊದಲು ಬಳಿದುಬಿಡೋಣ ಎಂದು ಮಲಗಿ ಬಲಗೈ ಹಾಕಿದೆ. ಯಾರಿಗೂ ಹೇಳಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಯಾರನ್ನು ಎಬ್ಬಿಸುವುದು ಅಂತ.

ಮಿಸ್ತ್ರಿ ನಮಾಜು ಮುಗಿಸಿ ಬಂದು ಗೋಡೆಯ ಒಳಬದಿಯ ಅಟ್ಟಣಿಗೆ ಹತ್ತಿದ್ದ. ನಾನು ಹೊರಬದಿಯ ಬುಡದಲ್ಲಿ. ಅವನಿಗೆ ನಾನು ಕಾಣುವುದಿಲ್ಲ, ನನಗೆ ಅವನು ಕಾಣುವುದಿಲ್ಲ. ಊಟಕ್ಕೆ ಮೊದಲು ಕಲಸಿದ ಮಾಲು ಎರಡು ಪುಟ್ಟಿ, ಅಂದರೆ ಎರಡು ಬುಟ್ಟಿ, ಉಳಿದು ಬಿರುಸಾಗತೊಡಗಿತ್ತು. ಕೆಡಿಸುವುದೇಕೆ ಎಂದು ಅದಕ್ಕೆ ಚೂರು ಬೆರೆಸಿ, ಸಂದಿನ ಪಟ್ಟಿ ಎತ್ತಿಟ್ಟು, ನಾನು ಬೆಳಿಗ್ಗೆ ಹೇಳಿದ ಹಾಗೇ ಸುರುವಿದ.

ಮೊದಲು ಕೊಂಡಿಗಳಿಗೆ ಬಡಿದ ಸದ್ದು ಕೇಳಿತು. ಕೈ ಎಳೆದುಕೊಳ್ಳುವಷ್ಟರಲ್ಲಿ ಮೊಣಕೈಯಿಂದ ಬೆರಳಿನ ತನಕ ಬಂದು ಕೂತಿತು. ಎರಡನೇ ಪುಟ್ಟಿ ಅದರ ಮೇಲೆ. ನಾನು ಕಿರುಚಲಿಲ್ಲ. ಉಸಿರೇ ಇರಲಿಲ್ಲ. ಆಮೇಲೆ ಕೂಗಿದೆ.

“ಮಿಸ್ತ್ರಿ, ನಿಲ್ಸ್ರಿ. ಕೆಳಗ ನಾ ಅದೀನಿ.”

ಆಮೇಲೆ ಮೇಲಿನಿಂದ ದನಿ ಬಂತು. “ಎಲ್ಲಿ ಅದೀರಿ ಬಾಯಿ?”

“ಗೋಡ್ಯಾಗ.”

ಅವನು ಓಡಿ ಸುತ್ತು ಹಾಕಿ ಬಂದ. ಎಳೆದು ನೋಡಿದ. ಎಳೆದರೆ ಚೂರುಗಳು ಇನ್ನೂ ಕೆಳಗೆ ಇಳಿದು ಹೆಚ್ಚು ಬಿಗಿಯುತ್ತಿದ್ದವು. ಆಮೇಲೆ ಅವನು ತಲೆ ಎತ್ತಿ ಗೋಡೆ ನೋಡಿದ. ಅವನ ಮುಖ ನೋಡಿ ನಾನೂ ಕತ್ತು ತಿರುಗಿಸಿದೆ. ಹೊರಗಿನ ನಾಲ್ಕೂವರೆ ಇಂಚಿನ ಗೋಡೆ ನನ್ನ ತಲೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಬಾಗಿತ್ತು. ಚೂರು ಸಿಕ್ಕಿಕೊಂಡು ಅದನ್ನು ಹೊರಕ್ಕೆ ಒತ್ತಿದ್ದವು. ಬುಡದ್ದು ಎಂಟು ದಿನದ ಗೋಡೆ, ಮೇಲಿನ ಆರು ವರಸೆ ಇಟ್ಟಂಗಿ ಅವತ್ತು ಬೆಳಿಗ್ಗೆಯದು, ಹಸಿ. ಮಿಸ್ತ್ರಿ ದಾರಕ್ಕೆ ಕಟ್ಟಿದ ಓಳಂಬದ ಗುಂಡು ಇಳಿಬಿಟ್ಟು ನೋಡಿ, ಎರಡು ಬೆರಳು ಹೊರಗೆ ಬಂದಿದೆ ಎಂದ. ಅದನ್ನು ನನಗೆ ಹೇಳಬೇಕಿರಲಿಲ್ಲ.

ಆಳುಗಳು ಎದ್ದು ಬಂದರು. ಅಷ್ಟರಲ್ಲಿ ಮೇಡಂಗೆ ಫೋನು ಹೋಗಿತ್ತು. ಅವರು ಬರುವ ತನಕ ಗೋಡೆಗೆ ಬಲ್ಲಿ ಕಟ್ಟಿಗೆಯ ಆಸರೆ ಕೊಟ್ಟರು. ಬಿಸಿಲು ಪಡುವಣಕ್ಕೆ ತಿರುಗಿ ನೇರ ನನ್ನ ಮೇಲೆ ಬಿತ್ತು. ತಾಡಪತ್ರಿ ಹಿಡಿದರು. ಸುವರ್ಣಾ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಒಂದು ಹಂತದಲ್ಲಿ ಉಚ್ಚೆಗೆ ಅವಸರವಾಯಿತು. ನಾಲ್ಕು ಹೆಂಗಸರು ಸೀರೆ ಅಡ್ಡ ಹಿಡಿದರು, ಮಲಗಿದಲ್ಲೇ ಮುಗಿಸಿದೆ. ಮಾನ ಹೋಯಿತು ಎಂದು ಅಳಲು ಹೊತ್ತಿರಲಿಲ್ಲ. ಕೈ ಹೋಗುತ್ತದೋ ಎಂಬುದೊಂದೇ ಯೋಚನೆ. ಕೂಲಿ ಮಾಡುವವಳಿಗೆ ಬಲಗೈ ಹೋದರೆ ಉಳಿದದ್ದು ಏನು?

ಮೊದಲು ಕೈಗೆ ತಣ್ಣಗಿತ್ತು. ಅರ್ಧ ಗಂಟೆಗೆ ಬೆಚ್ಚಗಾಯಿತು. ಆಮೇಲೆ ಬೆರಳುಗಳ ನಡುವೆ ಬಿಗಿಯತೊಡಗಿತು. ಸಿಮೆಂಟು ಹಿಡಿಯಲು ಶುರು ಮಾಡಿದರೆ ಹೀಗೇ ಕಾವು ಬರುತ್ತದೆ. ಮೂವತ್ತು ವರ್ಷ ಅದನ್ನು ಹೊರಗಿನಿಂದ ಮುಟ್ಟಿ ಗೊತ್ತು. ಆ ಬಿಸಿಲಿಗೆ ಸಂಜೆಯೊಳಗೆ ಅದು ಕಲ್ಲಾಗುತ್ತದೆ, ಒಳಗಿದ್ದ ಕೈಯೂ ಅದರಲ್ಲೇ ಉಳಿಯುತ್ತದೆ.

ಸುವರ್ಣಾಗೆ ನೆನಪಾದದ್ದು ಬೆಲ್ಲ. ಅವಳ ತವರು ಹಳ್ಳಿಖೇಡದ ಕಡೆ, ಕಬ್ಬಿನ ಊರು. ತವರಿನ ಮನೆ ಕಟ್ಟುವಾಗ ಬೆಲ್ಲದ ಕೊಪ್ಪರಿಗೆ ತೊಳೆದ ನೀರಿನಲ್ಲಿ ಯಾರೋ ಮಾಲು ಕಲಸಿ, ಅದು ಎರಡು ದಿನವಾದರೂ ಗಟ್ಟಿಯಾಗದೆ ಹೋಗಿತ್ತಂತೆ. ಮಿಸ್ತ್ರಿಯೂ ಹೌದೆಂದ. ಚಹದ ಅಂಗಡಿಯಿಂದ ಬೆಲ್ಲ ತಂದು ಕರಗಿಸಿದರು. ಅದನ್ನು ಕೈಗೆ ಮುಟ್ಟಿಸುವುದು ಹೇಗೆ? ಮಟ್ಟ ನೋಡಲು ಮಿಸ್ತ್ರಿಗಳು ಇಟ್ಟುಕೊಳ್ಳುವ ಸಣ್ಣ ಬಿಳಿ ಪೈಪು ಇರುತ್ತದಲ್ಲ, ಅದನ್ನು ಮೇಲಿನಿಂದ ಸಂದಿನಲ್ಲಿ ಇಳಿಬಿಟ್ಟು ಹೊಯ್ದರು. ಅಂಟು ನೀರು ಮೊಣಕೈ ಹಿಡಿದು ಕಿಂಡಿಯಿಂದ ಹರಿದು ನನ್ನ ಕುತ್ತಿಗೆಗೆ ಬಂತು. ಹಿಂದೆಯೇ ಇರುವೆ ಬಂದವು.

ಮೇಡಂ ಬಂದರು. ಬೈಯಲಿಲ್ಲ. ಕೆಳಗೆ ಕೂತು ನನ್ನ ಭುಜ ಮುಟ್ಟಿ ನೋಡಿ, ಬೆಲ್ಲದ ನೀರು ನಿಲ್ಲಿಸಬೇಡಿ ಎಂದರು. ಆಮೇಲೆ ಮಿಸ್ತ್ರಿಯನ್ನು ಕೇಳಿದರು.

“ಎಷ್ಟು ಹಾಕಿದ್ದೀರಿ?”

“ಎರಡು ಪುಟ್ಟಿ ರೀ.”

“ಬೇರೆ ಎಲ್ಲಾದರೂ ತುಂಬಿದ್ದೀರಾ?”

ಮಿಸ್ತ್ರಿ ನನ್ನ ಕಡೆ ನೋಡಿದ. “ಇಲ್ರಿ,” ಎಂದ.

ಅವನು ತನ್ನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳಲ್ಲ ಅದು. ಮೂಲೆಯ ಮಾತು ಎತ್ತಿದರೆ ಯಾರು ಹೇಳಿದ್ದು ಎಂಬ ಮಾತು ಬರುತ್ತದೆ. ಮುಕಾದಮಳೇ ಕೆಲಸ ಕೆಡಿಸಿದಳು ಎಂದರೆ ಹನ್ನೊಂದು ಮಂದಿಯೂ ನಾಳೆಯಿಂದ ಮನೆಯಲ್ಲಿ. ಗೋಡೆ ಹಿಡಿದದ್ದು ಕೈಯನ್ನು. ಬಾಯಿಯನ್ನು ನಾನೇ ಹಿಡಿದುಕೊಂಡೆ.

ಮೇಡಂ ಲೆಕ್ಕ ಹಾಕಿದರು. ಹೊರಗಿನ ಗೋಡೆ ತೆಳುವು, ಕಿಂಡಿ ಹೇಗೂ ಇದೆ. ಕಿಂಡಿಯಿಂದ ಎಡಕ್ಕೆ, ಮೂಲೆಯ ಕಡೆ ಎರಡು ಇಟ್ಟಂಗಿ ಬಿಚ್ಚಿದರೆ ಕೈ ತಿರುಗಿಸಿ ತೆಗೆಯಲು ಜಾಗ ಸಿಗುತ್ತದೆ. ಮೂಲೆ ಇರುವುದರಿಂದ ಗೋಡೆಗೂ ಬಲ, ಅಲ್ಲಿ ಸಂದು ಖಾಲಿ ಇರುವುದರಿಂದ ಒತ್ತಡವೂ ಇಲ್ಲ. ಕಾಲು ಗಂಟೆಯ ಕೆಲಸ. ಅವರು ತಿಳಿದುಕೊಂಡಿದ್ದ ಗೋಡೆಗೆ ಆ ಲೆಕ್ಕ ಸರಿಯಾಗಿತ್ತು. ಆದರೆ ನಾವು ಕಟ್ಟಿದ್ದ ಗೋಡೆ ಬೇರೆ. ಅಲ್ಲಿ ನಾಲ್ಕು ಅಡಿ ಉದ್ದದ ಸಡಿಲ ಭರ್ತಿ ಇತ್ತು, ಮಾಲು ಕಡಿಮೆ, ಚೂರೇ ಹೆಚ್ಚು. ಬುಡದ ಇಟ್ಟಂಗಿ ಬಿಚ್ಚಿದ ಕೂಡಲೇ ಅದು ಜಾರಿ ಇಳಿಯುತ್ತದೆ, ಬಾಗಿ ನಿಂತ ಗೋಡೆಯನ್ನು ಒದ್ದುಕೊಂಡು ಹೊರಗೆ ಬರುತ್ತದೆ.

ಗಂಡಾಳುಗಳು ಕಟ್ಟಿಗೆ ಬಿಗಿ ಮಾಡಿದರು. ಮಿಸ್ತ್ರಿ ಉಳಿ ಹಿಡಿದು ನಿಂತ, ಬಡಿಯಲು ಮುಂದೆ ಬರಲಿಲ್ಲ. ಮೇಡಂ ಅವನ ಕೈಯಿಂದ ಉಳಿ ಸುತ್ತಿಗೆ ತೆಗೆದುಕೊಂಡು ತಾವೇ ಮಂಡಿ ಊರಿದರು. ಅರ್ಧ ಗಂಟೆ ಆಗಿತ್ತು ನಾನು ಬಾಯಿ ಮುಚ್ಚಿಕೊಂಡು. ಗೋಡೆ ನನ್ನ ಮೇಲೆ ಬಿದ್ದರೆ ಬೀಳಲಿ ಎಂಬ ಹುಚ್ಚು ಯೋಚನೆಯೂ ಬಂದಿತ್ತು. ಆದರೆ ತಲೆ ಎತ್ತಿದರೆ ಕಂಡದ್ದು ಸುವರ್ಣಾಳ ಗದ್ದ. ಗೋಡೆ ಬಂದರೆ ಮೊದಲು ಅವಳ ಬೆನ್ನ ಮೇಲೆ. ಅವಳ ಪಕ್ಕದಲ್ಲಿ ಮೇಡಂ. ಇಬ್ಬರಿಗೂ ಗೊತ್ತಿಲ್ಲ, ನನಗೆ ಗೊತ್ತು.

“ಮೇಡಂ, ಅಲ್ಲಿ ಬ್ಯಾಡ್ರಿ,” ಎಂದೆ. “ಮೂಲಿ ತುಂಬೇದ. ನಿನ್ನೀನೇ ತುಂಬೀವಿ. ನಾನೇ ಹೇಳಿ ತುಂಬಿಸೀನಿ, ಮಿಸ್ತ್ರಿದೇನಿಲ್ಲ.”

ಮೇಡಂ ಇಟ್ಟಂಗಿಯ ಮೇಲಿದ್ದ ಉಳಿಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. ಸುವರ್ಣಾಳನ್ನು ಎದ್ದು ಹಿಂದೆ ಸರಿಯಲು ಹೇಳಿದರು. ಅವಳು ಸರಿಯಲಿಲ್ಲ.

“ಇದನ್ನು ಅರ್ಧ ಗಂಟೆ ಮೊದಲೇ ಹೇಳಬಹುದಿತ್ತು, ತೇಜಮ್ಮ,” ಎಂದರು.

“ಹೌದ್ರಿ,” ಎಂದೆ.

ಲೆಕ್ಕ ಮೊದಲಿನಿಂದ ಶುರುವಾಯಿತು. ಹೊರಗಿನ ಗೋಡೆ ಮುಟ್ಟುವಂತಿಲ್ಲ. ಉಳಿದ ದಾರಿ ಒಂದೇ, ಗೋದಾಮಿನ ಒಳಗಿನಿಂದ ಒಂಬತ್ತು ಇಂಚಿನ ಗೋಡೆ ಕೊರೆದು ನನ್ನ ಕೈಗೆ ಬರುವುದು. ಅದು ದಪ್ಪ, ಸಣ್ಣ ತೂತಿಗೆ ಬೀಳುವುದಿಲ್ಲ. ಆದರೆ ಜೋರಾಗಿ ಬಡಿಯುವಂತಿಲ್ಲ, ಬಡಿದರೆ ಆಚೆಯ ಹಸಿ ಗೋಡೆ ಅದುರುತ್ತದೆ. ಮಿಷನ್ನು ಹಚ್ಚುವಂತಿಲ್ಲ. ಮಿಸ್ತ್ರಿ ಈಗ ಉಳಿಯನ್ನು ಕೇಳಿ ತೆಗೆದುಕೊಂಡು ಒಳಗೆ ಹೋದ.

ಎರಡು ಗಂಟೆ ಅವನ ಉಳಿಯ ಸದ್ದು ಕೇಳಿದೆ. ಕಿವಿಯಿಂದಲ್ಲ, ಮೂಳೆಯಿಂದ. ಒಂದೊಂದು ಏಟೂ ಭುಜದ ತನಕ ಬರುತ್ತಿತ್ತು. ಬಿಸಿಲು, ಇರುವೆ, ತಲೆಯ ಮೇಲೆ ಬಾಗಿದ ಇಟ್ಟಂಗಿ. ಕಣ್ಣಿನೆದುರು ಒಂದು ಗೇಣು ದೂರದಲ್ಲಿ ಸಿಮೆಂಟಿನ ಒಂದೇ ಗೆರೆ. ಅದನ್ನೇ ನೋಡುತ್ತಿದ್ದೆ, ಬೇರೆ ಕಡೆ ತಿರುಗಲು ಜಾಗವಿರಲಿಲ್ಲ. ಆ ಗೆರೆ ವಕ್ರ ಇತ್ತು. ಯಾರು ಕಟ್ಟಿದ್ದೆಂದು ಗೊತ್ತು, ಈಗಲೂ ಹೇಳುವುದಿಲ್ಲ.

ಆಮೇಲೆ ಆಚೆಯಿಂದ ಬೆಳಕು ಬಂತೋ ಏನೋ, ನನಗೆ ಕಾಣುವಂತಿರಲಿಲ್ಲ. ಬೆರಳಿಗೆ ಗಾಳಿ ತಾಗಿತು. ಹಿಂದೆಯೇ ಇನ್ನೊಬ್ಬರ ಬೆರಳು ತಾಗಿತು. ಮಿಸ್ತ್ರಿ ತೂತಿನಲ್ಲಿ ಎರಡು ಬೆರಳು ಹಾಕಿ ಒಂದೊಂದೇ ಚೂರು ಕೀಳುತ್ತಿದ್ದ. ಎಲ್ಲಕ್ಕೂ ಮಾಲು ಮೆತ್ತಿತ್ತು.

“ಬಾಯಿ, ನಿಮ್ಮ ಬೆರಳ್ಯಾವು, ಇಟ್ಟಂಗಿ ಚೂರ್ಯಾವು, ಒಂದೂ ತಿಳೀವಲ್ದು,” ಎಂದ ಗೋಡೆಯ ಆಚೆಯಿಂದ.

“ಜಗ್ಗಿ ನೋಡ್ರಿ. ಬೈದ್ರ ಬೆರಳು.”

ಅವನು ಒಂದನ್ನು ಜಗ್ಗಿದ. ನಾನು ಅವನ ಅಪ್ಪನಿಂದ ಹಿಡಿದು ಬೈದೆ. ಅತ್ತ ಕಡೆ ಯಾರೋ ನಕ್ಕರು, ಸುವರ್ಣಾ ಅಳಲು ಶುರು ಮಾಡಿದಳು. ಬೆಲ್ಲದ ನೀರು ಕೆಲಸ ಮಾಡಿತ್ತು, ಮಾಲು ಇನ್ನೂ ಒದ್ದೆ ಮರಳಿನ ಹಾಗೆ ಪುಡಿಯಾಗುತ್ತಿತ್ತು. ಐದು ಗಂಟೆ ದಾಟಿದ ಮೇಲೆ ಕೈ ಹೊರಗೆ ಬಂತು. ನನ್ನನ್ನು ಎಳೆದು ದೂರ ಕೂಡಿಸಿದರು. ಆಮೇಲೆ ಹಗ್ಗ ಕಟ್ಟಿ ಹೊರಗಿನ ಗೋಡೆಯ ಬಾಗಿದ ಭಾಗವನ್ನು ಬೇಕೆಂದೇ ಕೆಡವಿದರು. ನಾನು ಮಲಗಿದ್ದ ಜಾಗದಲ್ಲಿ ಮಂಡಿಯ ಎತ್ತರ ಇಟ್ಟಂಗಿ ಬಿತ್ತು. ಎಲ್ಲರೂ ಅದನ್ನು ನೋಡಿದರು.

ಹುಮನಾಬಾದಿನ ದವಾಖಾನೆಯಲ್ಲಿ ಎರಡು ಬೆರಳು ಮುರಿದಿವೆ ಎಂದರು. ಸಿಮೆಂಟು ಚರ್ಮ ಸುಟ್ಟಿತ್ತು. ಕೈ ಉಳಿಯಿತು. ಕಿರುಬೆರಳು, ಅದರ ಪಕ್ಕದ್ದು ಈಗಲೂ ಮಡಚುವುದಿಲ್ಲ. ರೊಟ್ಟಿ ಬಡಿದರೆ ಒಂದು ಕಡೆ ದಪ್ಪ ಬರುತ್ತದೆ. ಮೊಮ್ಮಕ್ಕಳು ತಿನ್ನುತ್ತವೆ.

ಗುತ್ತೇದಾರ ನನ್ನನ್ನೂ ಮಿಸ್ತ್ರಿಯನ್ನೂ ಕೆಲಸದಿಂದ ತೆಗೆದ. ತಪ್ಪೇನಿಲ್ಲ. ಹೆಣ್ಣಾಳುಗಳನ್ನು ಮೇಡಂ ಬಿಡಲಿಲ್ಲ, ಸುವರ್ಣಾಳನ್ನು ಮುಕಾದಮ ಮಾಡಿದರು. ಮೂಲೆಯ ಭರ್ತಿಯನ್ನೂ ಒಡೆದು ತೆಗೆಯಬೇಕೆಂದು ಮೇಡಂ ಬರೆದುಕೊಟ್ಟರಂತೆ. ಗೋದಾಮಿನ ಮಾಲೀಕನಿಗೆ ಮಳೆಗಾಲದ ಅವಸರ. ಮೂಲೆಯಲ್ಲಿ ಮೇಲಷ್ಟು ಒಡೆಸಿ, ಬುಡದ್ದನ್ನು ಹಾಗೇ ಬಿಟ್ಟು ಗಿಲಾವು ಮಾಡಿಸಿದ.

ಆ ಮಳೆಗಾಲದಲ್ಲಿ ಮೇಡಂ ನನ್ನನ್ನೂ ಮಿಸ್ತ್ರಿಯನ್ನೂ ಕರೆಸಿದರು. ಒಳಗೆ ಹೋದೆವು. ಪಡುವಣ ಗೋಡೆ ಉದ್ದಕ್ಕೂ ಒಣಗಿ ಬಿಳಿಯಾಗಿತ್ತು. ಹೊರಗೆ ಮೂರು ದಿನದಿಂದ ಮಳೆ. ಉತ್ತರದ ಮೂಲೆಯಲ್ಲಿ ಮಾತ್ರ, ನೆಲದಿಂದ ಸೊಂಟದ ತನಕ, ನಾಲ್ಕು ಅಡಿ ಉದ್ದಕ್ಕೆ ತೇವ ಹತ್ತಿತ್ತು. ನಾವು ತುಂಬಿದ್ದರಲ್ಲಿ ಒಡೆಯದೆ ಉಳಿದದ್ದು ಎಷ್ಟೋ ಅಷ್ಟೇ, ಅಳೆದ ಹಾಗೆ. ಮಿಸ್ತ್ರಿ ಅಂಗೈ ಇಟ್ಟು ನೋಡಿದ. ಬಹಳ ಹೊತ್ತು ತೆಗೆಯಲಿಲ್ಲ.

“ನೀರಿಗಿ ದಾರಿ ನಾವೇ ಹಾಕೀವಿ, ಬಾಯಿ,” ಎಂದ.

ಮೇಡಂ “ನಾನು ಹೇಳಿದ್ದೆನಲ್ಲ” ಎನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಬಸವಕಲ್ಯಾಣದಲ್ಲಿ ಇನ್ನೊಂದು ಇಂಥದೇ ಗೋಡೆ ಇದೆ, ಬರುತ್ತೀರಾ ಎಂದು ಕೇಳಿದರು, ಅಷ್ಟೇ.

ಈಗ ಅವರ ಕೆಲಸಗಳಲ್ಲಿ ನಾನು ಇಟ್ಟಂಗಿ ಹೊರುವುದಿಲ್ಲ. ಅಟ್ಟಣಿಗೆಯ ಮೇಲೆ ಸಂದಿನ ಪಕ್ಕದಲ್ಲಿ ಕೂರುತ್ತೇನೆ. ಮಿಸ್ತ್ರಿ ಕಟ್ಟುತ್ತಾನೆ, ನಾನು ಒಳಗೆ ನೋಡುತ್ತೇನೆ. ಬಂದವರು, ಅಜ್ಜಿಗೆ ಸುಮ್ಮನೆ ಕೂಲಿ ಎಂದು ನಗುತ್ತಾರೆ. ಮೂರು ಇಂಚು ಖಾಲಿ ಜಾಗ ಖಾಲಿ ಉಳಿಯಲಿಕ್ಕೆ ಒಬ್ಬ ಮನುಷ್ಯ ಬೇಕು ಎಂದರೆ ಅವರಿಗೆ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ನನಗೆ ತಿಳಿಯದ ಕೆಲಸವನ್ನು ತಿಳಿದವಳ ಹಾಗೆ ಸರಿಮಾಡಲು ಹೋದೆ. ಹೋದದ್ದು ಎರಡು ಬೆರಳು. ಸುವರ್ಣಾ ಹೋಗಿದ್ದರೆ ಯಾರಿಗೆ ಏನು ಹೇಳುತ್ತಿದ್ದೆ?

ಮಿಸ್ತ್ರಿ ಮಾಲಿನ ಪುಟ್ಟಿಗೆ ಕೈ ಹಾಕಿದ ಕೂಡಲೇ ನಾನು ಸಂದಿಗೆ ಬಾಯಿ ಇಟ್ಟು ಕೂಗುತ್ತೇನೆ.

“ಕೆಳಗ ಕೈ ಅದ ಏನು?”

ಬುಡದಿಂದ ಇಲ್ಲ ಎಂಬ ದನಿ ಬರಬೇಕು. ಅದು ಬರುವ ತನಕ ಮಹಬೂಬ್ ಮಿಸ್ತ್ರಿ ಪುಟ್ಟಿ ಎತ್ತುವುದಿಲ್ಲ.